ಮಠಾಧಿಪತಿಯ ಪಟ್ಟವಿಲ್ಲದ ಗುರು: ಕೆಂಗೇರಿಯಿಂದ ಶಾಂತಿವನದವರೆಗೆ ಬೀಡ್ ಗ್ರಿಫಿತ್ಸ್

ಸಂತ ಬೆನೆಡಿಕ್ಟರ ನಿಯಮಾವಳಿಯಲ್ಲಿ 73 ಅಧ್ಯಾಯಗಳಿವೆ. ಅವುಗಳಲ್ಲಿ ಎರಡನೆಯದೂ ಅರವತ್ತನಾಲ್ಕನೆಯದೂ ಮಠಾಧಿಪತಿ ಎಂಥವನಾಗಿರಬೇಕೆಂಬುದನ್ನು ಕುರಿತವು. ಮಠದಲ್ಲಿ ಅವನು ಕ್ರಿಸ್ತನ ಸ್ಥಾನದಲ್ಲಿ ನಿಂತವನು. ಆದುದರಿಂದಲೇ ಅವನನ್ನು 'ಅಬ್ಬಾ' ಎಂದು ಕರೆಯಲಾಗುತ್ತದೆ ಎಂದು ಬೆನೆಡಿಕ್ಟರು ಹೇಳಿ, ರೋಮನರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯವನ್ನು ಆಧಾರವಾಗಿ ಕೊಡುತ್ತಾರೆ. ಈ ಅರಮಾಯಿಕ್ ಪದವೇ ಲ್ಯಾಟಿನ್ನಿನ ಮೂಲಕ ಸಾಗಿ ಇಂಗ್ಲಿಷಿನಲ್ಲಿ 'ಆಬಟ್' ಆಯಿತು. ಉತ್ತರ ಕರ್ನಾಟಕದ ಭಕ್ತರು ತಮ್ಮ ಮಠದ ಸ್ವಾಮಿಗಳನ್ನು 'ಅಪ್ಪಾವರು' ಎಂದು ಕರೆಯುವುದನ್ನು ಬಲ್ಲ ಕನ್ನಡಿಗನಿಗೆ ಈ ಪದದ ಅರ್ಥವನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ. ನಮ್ಮ ಯಲ್ಲಾಪುರ, ಶಿರಸಿ, ಸಿದ್ದಾಪುರ ಸೀಮೆಯವರಿಗಂತೂ ಮಠವೆಂಬುದು ಪುಸ್ತಕದ ವಿಷಯವಲ್ಲ. ಸೋಂದಾ ಒಂದರಲ್ಲೇ ವಾದಿರಾಜ ಮಠ, ಸ್ವರ್ಣವಲ್ಲೀ ಮಠ, ಸ್ವಾದಿ ಜೈನ ಮಠ ಎಂಬ ಮೂರು ಪರಂಪರೆಗಳು ಇವೆ. ಮುಂಡಗೋಡಿನಲ್ಲಿ ಟಿಬೆಟಿಯನ್ ಭಿಕ್ಷುಗಳ ವಿಶಾಲ ವಿದ್ಯಾಮಠಗಳಿವೆ. ವಜ್ರಳ್ಳಿಯ ಅಡಿಕೆ ತೋಟದ ಮನೆಯವನಿಗೂ ಮಠದ ಯತಿ ಎಂದರೆ ಓದಿದವನು, ಓದಿಸುವವನು, ತನ್ನ ನಡೆಯಿಂದ ಅಳೆಯಲ್ಪಡುವವನು ಎಂಬುದು ಗೊತ್ತು. ಬೆನೆಡಿಕ್ಟರು ಕೇಳುವುದೂ ಅದನ್ನೇ: ಮಠಾಧಿಪತಿಯು ಮಾತಿಗಿಂತ ಹೆಚ್ಚಾಗಿ ಕೃತಿಯಿಂದ ಬೋಧಿಸಬೇಕು.

ಬೆನೆಡಿಕ್ಟೈನ್ ಸನ್ಯಾಸ, ಅಧ್ಯಾಪನ, ಪಾಂಡಿತ್ಯ ಈ ಮೂರೂ ಒಂದೇ ಜೀವನದಲ್ಲಿ ಕೂಡಿಕೊಂಡು, ಆ ಜೀವನವು ಕನ್ನಡ ನಾಡಿನ ನೆಲವನ್ನೂ ಮುಟ್ಟಿದ ಉದಾಹರಣೆಯನ್ನು ಹುಡುಕಿದರೆ ಮೊದಲು ದೊರೆಯುವ ಹೆಸರು ಬೀಡ್ ಗ್ರಿಫಿತ್ಸ್ ಅವರದು. ಅವರು ವಿಧಿವತ್ತಾಗಿ ಮಠಾಧಿಪತಿಯಾಗಲಿಲ್ಲ; ಪ್ರಿಯರ್ ಎಂಬ ಕೆಳಗಿನ ಪದವಿಯವರೆಗೆ ಮಾತ್ರ ಏರಿದರು. ಅವರ ಹೆಸರನ್ನು ನಮ್ಮ ಗುರುವಿದ್ಯಾರ್ಥಿಗಳು ಕೇಳಿರುವುದು ಹೆಚ್ಚಾಗಿ ಕಾವೇರೀ ತೀರದ ಶಾಂತಿವನದ ಸಂಬಂಧದಲ್ಲಿ. ಆದರೆ ಅವರ ಭಾರತೀಯ ಜೀವನ ಬೇರೂರಲು ಮೊದಲು ಯತ್ನಿಸಿದ್ದು ಬೆಂಗಳೂರಿನ ಹೊರವಲಯದ ಕೆಂಗೇರಿಯಲ್ಲಿ. ಅಲ್ಲಿ ಅದು ಬೇರೂರಲಿಲ್ಲ. ಏಕೆ ಬೇರೂರಲಿಲ್ಲ ಎಂಬುದೇ ನನ್ನ ಅಭಿಪ್ರಾಯದಲ್ಲಿ ಆ ಜೀವನದ ಅತ್ಯಂತ ಬೋಧಪ್ರದವಾದ ಭಾಗ. ಅವರನ್ನು ಕುರಿತ ಬರಹಗಳು ಅದನ್ನು ಸಾಮಾನ್ಯವಾಗಿ ಎರಡು ಸಾಲುಗಳಲ್ಲಿ ದಾಟಿಬಿಡುತ್ತವೆ.

ಆಲನ್ ರಿಚರ್ಡ್ ಗ್ರಿಫಿತ್ಸ್ ಹುಟ್ಟಿದ್ದು 1906ರ ಡಿಸೆಂಬರ್ 17ರಂದು, ಇಂಗ್ಲೆಂಡಿನ ಸರ್ರಿ ಪ್ರಾಂತದ ವಾಲ್ಟನ್-ಆನ್-ಥೇಮ್ಸ್‌ನಲ್ಲಿ. ತಂದೆ ವ್ಯಾಪಾರದ ಪಾಲುದಾರನಿಂದ ಮೋಸಹೋಗಿ ಆಸ್ತಿ ಕಳೆದುಕೊಂಡ ಮೇಲೆ ಮನೆಯ ಭಾರ ತಾಯಿಯ ಮೇಲೆ ಬಿತ್ತು. ಬಡ ಮಕ್ಕಳಿಗಾಗಿಯೇ ಹೆಸರಾಗಿದ್ದ ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಯಲ್ಲಿ ಓದಿ, 1925ರಲ್ಲಿ ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜನ್ನು ಸೇರಿದರು. ಅಲ್ಲಿ ಅವರಿಗೆ ಸಾಹಿತ್ಯ ಬೋಧಿಸಿದವರು ಸಿ. ಎಸ್. ಲೂಯಿಸ್. ಆಗ ಗುರುವೂ ವಿಶ್ವಾಸಿಯಲ್ಲ, ಶಿಷ್ಯನೂ ವಿಶ್ವಾಸಿಯಲ್ಲ. ಕೆಲವೇ ವರ್ಷಗಳಲ್ಲಿ ಇಬ್ಬರೂ ಬೇರೆ ಬೇರೆ ದಾರಿಯಿಂದ ಕ್ರೈಸ್ತ ವಿಶ್ವಾಸಕ್ಕೆ ಬಂದರು. ಲೂಯಿಸ್ ಆಂಗ್ಲಿಕನ್ ಸಭೆಯಲ್ಲೇ ಉಳಿದರೆ ಗ್ರಿಫಿತ್ಸ್ ಕಥೋಲಿಕ ಧರ್ಮಸಭೆಯನ್ನು ಸೇರಿದರು. 1955ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯನ್ನು ಲೂಯಿಸ್ ಅರ್ಪಿಸಿದ್ದು ಈ ಹಳೆಯ ಶಿಷ್ಯನಿಗೆ. ಪತ್ರವ್ಯವಹಾರದಲ್ಲಿ ಅವರಿಬ್ಬರೂ ಒಪ್ಪದಿದ್ದ ಸಂಗತಿಗಳು ಒಪ್ಪಿದವುಗಳಷ್ಟೇ ಇದ್ದವು. ಸ್ನೇಹ ಮಾತ್ರ ಕೊನೆಯವರೆಗೂ ಉಳಿಯಿತು.

ಪದವಿಯ ನಂತರ 1930ರಲ್ಲಿ ಗ್ರಿಫಿತ್ಸ್ ಇಬ್ಬರು ಗೆಳೆಯರೊಂದಿಗೆ ಕಾಟ್ಸ್‌ವೋಲ್ಡ್ ಪ್ರದೇಶದ ಈಸ್ಟಿಂಗ್ಟನ್ ಎಂಬ ಹಳ್ಳಿಯಲ್ಲಿ ಒಂದು ಮನೆ ಹಿಡಿದು, ಯಂತ್ರನಾಗರಿಕತೆಯನ್ನು ತೊರೆದು, ಹಸು ಸಾಕಿ, ಹಾಲು ಕರೆದು, ಪವಿತ್ರ ಗ್ರಂಥ ಓದುತ್ತ ಬದುಕಿದರು. ಒಂದು ವರ್ಷವೂ ತುಂಬದೆ ಆ ಪ್ರಯೋಗ ಮುಗಿಯಿತು. ಆದರೆ ಅದರಿಂದ ಹುಟ್ಟಿದ ಹಸಿವು ಮುಗಿಯಲಿಲ್ಲ. ಸಿದ್ಧಾಂತದ ವಿಕಾಸವನ್ನು ಕುರಿತ ನ್ಯೂಮನ್ನರ ಗ್ರಂಥವನ್ನು ಓದಿ, 1931ರ ಕ್ರಿಸ್ತಜಯಂತಿಯ ಮುನ್ನಾದಿನ ಕಥೋಲಿಕ ಧರ್ಮಸಭೆಗೆ ಸೇರ್ಪಡೆಯಾದರು. ಮರುವರ್ಷವೇ ಪ್ರಿಂಕ್ನ್ಯಾಶ್ ಮಠವನ್ನು ಪ್ರವೇಶಿಸಿದರು. ಈ ಸಮುದಾಯದ ಹಿನ್ನೆಲೆ ಸ್ವಾರಸ್ಯಕರವಾದುದು: ಅವರು ಮೊದಲು ಆಂಗ್ಲಿಕನ್ ಬೆನೆಡಿಕ್ಟೈನರಾಗಿ ಕ್ಯಾಲ್ಡಿ ದ್ವೀಪದಲ್ಲಿದ್ದು, 1913ರಲ್ಲಿ ಸಮುದಾಯವಾಗಿಯೇ ಕಥೋಲಿಕರಾಗಿ, 1928ರಲ್ಲಿ ಪ್ರಿಂಕ್ನ್ಯಾಶ್‌ಗೆ ಬಂದವರು. 1936ರಲ್ಲಿ ಗ್ರಿಫಿತ್ಸ್ ಅಂತಿಮ ವ್ರತಗಳನ್ನು ಕೈಗೊಂಡರು. 1940ರಲ್ಲಿ ಗುರುದೀಕ್ಷೆ ಪಡೆದರು.

ಮಠದಲ್ಲಿ ಅವರಿಗೆ ದೊರೆತ ಹೆಸರು ಬೀಡ್. ಎಂಟನೆಯ ಶತಮಾನದ ಪೂಜ್ಯ ಬೀಡ್ ಬಾಲ್ಯದಲ್ಲೇ ಮಠ ಸೇರಿ, ಅದೇ ಮಠದಲ್ಲಿ ಓದಿ, ಬರೆದು, ಬೋಧಿಸಿ, 735ರಲ್ಲಿ ಅಲ್ಲೇ ತೀರಿಕೊಂಡವರು. ಒಂದೇ ಸ್ಥಳದಲ್ಲಿ ನೆಲೆನಿಲ್ಲುವ ಬೆನೆಡಿಕ್ಟೈನ್ ಆದರ್ಶಕ್ಕೆ ಅವರಿಗಿಂತ ಉತ್ತಮ ಉದಾಹರಣೆ ಸಿಗುವುದು ಕಷ್ಟ. ಆ ಹೆಸರನ್ನು ಹೊತ್ತ ಈ ಆಧುನಿಕ ಸನ್ಯಾಸಿ ಆರು ಮಠಗಳಲ್ಲಿ ಬಾಳಿದರು. ನಿಯಮಾವಳಿಯ 58ನೆಯ ಅಧ್ಯಾಯವು ಸನ್ಯಾಸಿಯಿಂದ ಕೇಳುವ ಮೂರು ವ್ರತಗಳು ಸ್ಥಿರತೆ, ಜೀವನ ಪರಿವರ್ತನೆ ಮತ್ತು ವಿಧೇಯತೆ. ಇವುಗಳಲ್ಲಿ ಮೊದಲನೆಯದನ್ನು ಗ್ರಿಫಿತ್ಸ್ ಮುರಿದರೇ ಎಂಬ ಪ್ರಶ್ನೆ ಸಹಜ. ಅದನ್ನು ಮರೆಮಾಡಬೇಕಾಗಿಲ್ಲ.

1947ರಲ್ಲಿ ಅವರನ್ನು ಫಾರ್ನ್‌ಬರೋದ ಸಂತ ಮೈಕೆಲ್ ಮಠಕ್ಕೆ ಪ್ರಿಯರ್ ಆಗಿ ಕಳುಹಿಸಲಾಯಿತು. ಮೂರನೆಯ ನೆಪೋಲಿಯನ್ನನ ವಿಧವೆ ಯೂಜೆನಿ ಗಂಡ ಮತ್ತು ಮಗನ ಸಮಾಧಿಗಾಗಿ ಕಟ್ಟಿಸಿದ ಆ ಭವ್ಯ ಕಟ್ಟಡವನ್ನು ನಡೆಸಲು ಹಣ ಬೇಕಾಗಿತ್ತು. ಹಣ ಕೂಡಿಸುವುದು ಗ್ರಿಫಿತ್ಸರಿಗೆ ಒಗ್ಗಿದ ಕೆಲಸವಲ್ಲ. ಸುಮಾರು ನಾಲ್ಕು ವರ್ಷಗಳ ನಂತರ ಅವರನ್ನು ಅಲ್ಲಿಂದ ಬಿಡಿಸಿ, ಸ್ಕಾಟ್ಲೆಂಡಿನ ಪ್ಲಸ್ಕಾರ್ಡನ್ ಮಠಕ್ಕೆ ಕಳುಹಿಸಲಾಯಿತು. ಪದವಿ ಹೋದ ಮೇಲೆ, ಆ ಚಳಿನಾಡಿನಲ್ಲಿ, ಅವರು ತಮ್ಮ ಆತ್ಮಕಥೆ 'ದಿ ಗೋಲ್ಡನ್ ಸ್ಟ್ರಿಂಗ್' ಬರೆದರು. 1954ರಲ್ಲಿ ಅದು ಪ್ರಕಟವಾಗಿ ಬಹುಬೇಗ ಓದುಗರನ್ನು ಗಳಿಸಿತು. ಆಡಳಿತಗಾರನಾಗಿ ಸೋತವನು ಬೋಧಕನಾಗಿ ಕೇಳಿಸಿಕೊಂಡ ಮೊದಲ ಸಂದರ್ಭ ಇದು.

ಫಾರ್ನ್‌ಬರೋದ ದಿನಗಳಲ್ಲೇ ಬೆನೆಡಿಕ್ಟ್ ಆಲಪ್ಪಾಟ್ ಎಂಬ ಭಾರತೀಯ ಬೆನೆಡಿಕ್ಟೈನ್ ಗುರುಗಳ ಪರಿಚಯ ಅವರಿಗಾಗಿತ್ತು. ಭಾರತದಲ್ಲಿ ಒಂದು ಮಠವನ್ನು ಸ್ಥಾಪಿಸಬೇಕೆಂಬುದು ಆಲಪ್ಪಾಟರ ಬಯಕೆ. ಉಪನಿಷತ್ತು, ಭಗವದ್ಗೀತೆಗಳನ್ನು ಇಂಗ್ಲಿಷಿನಲ್ಲಿ ಓದಿಕೊಂಡಿದ್ದ ಗ್ರಿಫಿತ್ಸರಿಗೆ ಈ ಕರೆ ಹಿಡಿಸಿತು. ಆದರೆ ಅವರ ಮಠಾಧಿಪತಿಗಳು ಒಪ್ಪಲಿಲ್ಲ. ಆ ಕೋರಿಕೆಯಲ್ಲಿ ಸ್ವೇಚ್ಛೆಯ ಪಾಲು ಹೆಚ್ಚೆಂದು ಅವರಿಗೆ ಕಂಡಿತು. ನಿಯಮಾವಳಿಯ 68ನೆಯ ಅಧ್ಯಾಯ ಇಂಥ ಇಕ್ಕಟ್ಟನ್ನು ಬಲ್ಲದು: ಹೊರಲಾರದ ಹೊರೆ ಎನಿಸಿದಾಗ ಸನ್ಯಾಸಿಯು ತಾಳ್ಮೆಯಿಂದ, ತಕ್ಕ ಸಮಯದಲ್ಲಿ, ಸೆಡವಿಲ್ಲದೆ ತನ್ನ ಕಷ್ಟವನ್ನು ನಿವೇದಿಸಬಹುದು, ಹಿರಿಯರು ತಮ್ಮ ನಿರ್ಣಯವನ್ನು ಬದಲಿಸದಿದ್ದರೆ ದೇವರ ಸಹಾಯವನ್ನು ನಂಬಿ ವಿಧೇಯನಾಗಬೇಕು. ಗ್ರಿಫಿತ್ಸ್ ನಿವೇದಿಸಿಕೊಂಡರು, ನಿರಾಕರಣೆಯನ್ನು ಒಪ್ಪಿಕೊಂಡು ಸುಮ್ಮನಾದರು. ಕೆಲಕಾಲದ ನಂತರ ಮಠಾಧಿಪತಿಗಳೇ ಒಂದು ಬಾಗಿಲು ತೆರೆದರು: ಮಠದ ವತಿಯಿಂದ ಅಲ್ಲ, ಭಾರತದ ಒಬ್ಬ ಧರ್ಮಾಧ್ಯಕ್ಷರ ಅಧೀನದಲ್ಲಿ ಹೋಗಬಹುದು. ಅಂದರೆ ಹೋಗುವವನು ಮಠದ ಆಶ್ರಯವಿಲ್ಲದೆ ಹೋಗಬೇಕು. ಸ್ಥಿರತೆಯ ವ್ರತವನ್ನು ಕುರಿತ ಪ್ರಶ್ನೆಗೆ ಉತ್ತರದ ಒಂದು ತುದಿ ಇಲ್ಲಿದೆ. ಅವರು ಮಠ ಬಿಟ್ಟದ್ದು ವಿಧೇಯತೆಯ ಬಾಗಿಲಿನಿಂದಲೇ. ಅಡಿಕೆಯ ಸಸಿ ಮಡಿಯಿಂದ ತೋಟಕ್ಕೆ ಹೋಗುವಾಗ ಬೇರಿನ ಸುತ್ತಲಿನ ಮಣ್ಣಿನ ಹೆಂಟೆಯೊಡನೆಯೇ ಹೋಗುತ್ತದೆ ಎಂಬುದನ್ನು ತೋಟದ ಸೀಮೆಯವರು ಬಲ್ಲರು; ನಿಯಮಾವಳಿ ಅವರಿಗೆ ಆ ಹೆಂಟೆಯಾಗಿತ್ತು.

1955ರಲ್ಲಿ ಅವರು ಮುಂಬಯಿಯಲ್ಲಿ ಇಳಿದರು. ಎಲಿಫೆಂಟಾ ಗುಹೆಯ ಮೂರು ಮುಖಗಳ ಮಹೇಶ ಮೂರ್ತಿಯ ಮುಂದೆ ನಿಂತ ಅನುಭವವನ್ನು ಅವರು ಮುಂದೆ ಹಲವು ಸಲ ನೆನೆದಿದ್ದಾರೆ. ತಮ್ಮ ಆತ್ಮದ ಉಳಿದರ್ಧವನ್ನು ಹುಡುಕಿಕೊಂಡು ಭಾರತಕ್ಕೆ ಹೊರಟಿದ್ದೇನೆಂದು ಗೆಳೆಯರೊಬ್ಬರಿಗೆ ಬರೆದಿದ್ದರು. ಬೋಧಿಸಲು ಬಂದ ಮಿಷನರಿಯ ಮಾತು ಅದಲ್ಲ. ಅಲ್ಲಿಂದ ಆಲಪ್ಪಾಟರೊಂದಿಗೆ ಬೆಂಗಳೂರಿಗೆ ಬಂದು ಕೆಂಗೇರಿಯಲ್ಲಿ ನೆಲೆಗೊಂಡರು. ಬೆಂಗಳೂರು ಆಗಷ್ಟೇ, 1953ರಲ್ಲಿ, ಮಹಾಧರ್ಮಕ್ಷೇತ್ರವಾಗಿತ್ತು. ಥಾಮಸ್ ಪೋತಕಮೂರಿಯವರು ಮಹಾಧರ್ಮಾಧ್ಯಕ್ಷರು. ಇಂದು ಮೆಟ್ರೋ ರೈಲು ಬರುವ ಕೆಂಗೇರಿ ಆಗ ಮೈಸೂರು ರಸ್ತೆಯ ಬದಿಯ ಹಳ್ಳಿ.

ಕೆಂಗೇರಿಯಲ್ಲಿ ಅವರು ಕಟ್ಟಬಯಸಿದ್ದು ಬೆನೆಡಿಕ್ಟೈನ್ ಪದ್ಧತಿಯ ಮಠವನ್ನು. ಲ್ಯಾಟಿನ್ ದೈವಾರಾಧನೆ, ಯೂರೋಪಿನ ಮಠದ ಉಡುಪು, ಗಂಟೆಗೆ ಸರಿಯಾಗಿ ಪ್ರಾರ್ಥನೆ, ಅಧ್ಯಯನ. ಸಂಸ್ಕೃತ ಕಲಿಕೆ ಆರಂಭವಾಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭಾರತೀಯ ದರ್ಶನವನ್ನು ಅಭ್ಯಸಿಸಲು ಬಂದಿದ್ದ ರೈಮುಂಡೊ ಪಣಿಕ್ಕರ್ ಅವರ ಸ್ನೇಹವೂ ದೊರೆಯಿತು. ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿತ್ತು. ತೊಡಕು ಇದ್ದದ್ದು ದಿನದ ಬದುಕಿನಲ್ಲಿ. ಅವರ ಕೋಣೆಗಳಲ್ಲಿ ವಿದ್ಯುತ್ತಿರಲಿಲ್ಲ, ನಲ್ಲಿಯಿರಲಿಲ್ಲ. ಇಂಗ್ಲೆಂಡಿನವನ ಕಣ್ಣಿಗೆ ಅದು ಬಡತನವೇ. ಆದರೆ ಮೇಜಿತ್ತು, ಕುರ್ಚಿಯಿತ್ತು, ಮಂಚವಿತ್ತು, ಪುಸ್ತಕದ ಕಪಾಟಿತ್ತು, ಊಟಕ್ಕೆ ತಟ್ಟೆಯೂ ಚಮಚ ಮುಳ್ಳುಗಳೂ ಇದ್ದವು, ಕಾಲಿಗೆ ಬೂಟಿತ್ತು. ಸುತ್ತಲಿನ ಹಳ್ಳಿಯ ಜನ ನೆಲದ ಮೇಲೆ ಕೂತು ಕೈಯಲ್ಲಿ ಉಂಡು, ಚಾಪೆ ಹಾಸಿ ಮಲಗುವವರು. ಅವರ ಕಣ್ಣಿಗೆ ಈ ಬಡತನದ ವ್ರತಧಾರಿಗಳು ಉಳ್ಳವರಾಗಿದ್ದರು. ಈ ಸಂಗತಿಯನ್ನು ಗ್ರಿಫಿತ್ಸ್ ಮುಂದೆ ತಾವೇ ಬರೆದರು, ನಾಚಿಕೊಳ್ಳದೆ ಮತ್ತು ಉತ್ಪ್ರೇಕ್ಷಿಸದೆ.

ಇಲ್ಲಿ ಓದುಗರು ನಿಯಮಾವಳಿಯ 55ನೆಯ ಅಧ್ಯಾಯವನ್ನು ತೆರೆದು ನೋಡಬೇಕು. ಬಟ್ಟೆಬರೆಯನ್ನು ಕುರಿತ ಅಧ್ಯಾಯವೆಂದು ನಾವು ಅದನ್ನು ಬೇಗ ಓದಿ ಮುಗಿಸುತ್ತೇವೆ. ಸನ್ಯಾಸಿಗಳಿಗೆ ಕೊಡುವ ಉಡುಪು ಆಯಾ ಸ್ಥಳಕ್ಕೂ ಹವೆಗೂ ತಕ್ಕಂತಿರಬೇಕು; ಅದರ ಬಣ್ಣವನ್ನೋ ಒರಟುತನವನ್ನೋ ಕುರಿತು ಅವರು ಗೊಣಗಬಾರದು; ತಾವಿರುವ ಪ್ರಾಂತದಲ್ಲಿ ಯಾವುದು ಸಿಗುವುದೋ, ಯಾವುದು ಅಗ್ಗವೋ ಅದನ್ನೇ ತೊಡಬೇಕು. ಇದು ಆರನೆಯ ಶತಮಾನದ ಮಾತು. ಸಂಸ್ಕೃತೀಕರಣ ಎಂದು ನಾವು ಇಪ್ಪತ್ತನೆಯ ಶತಮಾನದಲ್ಲಿ ಹೆಸರಿಟ್ಟ ವಿಷಯದ ಬೀಜ ಇಲ್ಲಿ ಇದೆ. ಅದು ಕಲೆಯ ಪ್ರಶ್ನೆಯಾಗಿ ಹುಟ್ಟಲಿಲ್ಲ, ಬಡತನದ ಪ್ರಶ್ನೆಯಾಗಿ ಹುಟ್ಟಿತು ಎಂಬುದನ್ನು ಒತ್ತಿ ಹೇಳಬಯಸುತ್ತೇನೆ. ಕೆಂಗೇರಿಯ ಮಠ ನಿಯಮಾವಳಿಯನ್ನು ಪಾಲಿಸುತ್ತಿತ್ತು, ಆದರೆ ಇಟಲಿಯ ಪ್ರಾಂತದ ನಿಯಮಾವಳಿಯನ್ನು. ಬೆಂಗಳೂರಿನ ಪ್ರಾಂತದಲ್ಲಿ ಸಿಗುವ ಅಗ್ಗದ ಬಟ್ಟೆ, ಅಗ್ಗದ ಊಟ, ಅಗ್ಗದ ಹಾಸಿಗೆ ಯಾವುದೆಂದು ಅದು ಇನ್ನೂ ಕೇಳಿರಲಿಲ್ಲ. ನಮ್ಮ ಗುರುಮಠಗಳಲ್ಲಿ ವರ್ಷಕ್ಕೊಮ್ಮೆ ಕಾವಿಯ ಶಾಲು ಹೊದ್ದು, ಆರತಿ ಎತ್ತಿ, ನೆಲದ ಮೇಲೆ ಕೂತು ಬಲಿಪೂಜೆ ಅರ್ಪಿಸಿ, ಮರುದಿನ ಕಪಾಟಿನಲ್ಲಿ ಆ ಶಾಲನ್ನು ಮಡಿಸಿಡುವ ರೂಢಿಯನ್ನು ಈ ಅಧ್ಯಾಯದ ಮುಂದಿಟ್ಟು ನೋಡಬೇಕಾಗಿದೆ.

1958ರಲ್ಲಿ ಗ್ರಿಫಿತ್ಸ್ ಕೆಂಗೇರಿಯನ್ನು ಬಿಟ್ಟರು. ಕೆಂಗೇರಿಯ ಬಳಿ ಬೆನೆಡಿಕ್ಟೈನ್ ಜೀವನ ಮಾತ್ರ ಅಳಿಯಲಿಲ್ಲ. ಸೇಲಂ ಪ್ರದೇಶದ ಸಿಲುವೈಗಿರಿಯಲ್ಲಿ 1947ರಲ್ಲಿ ಆರಂಭವಾಗಿದ್ದ ಸಮುದಾಯ 1957ರಲ್ಲಿ ಈ ಭಾಗಕ್ಕೆ ಬಂದಿತ್ತು. ಮೈಸೂರು ರಸ್ತೆಯ ಕುಂಬಳಗೋಡಿನ ಆಶೀರ್ವನಂ ಮಠ ಇಂದಿಗೂ ಧ್ಯಾನಕೂಟಗಳಿಗೆ ಹೋಗುವ ನಮ್ಮ ಗುರುಗಳಿಗೆ ಚಿರಪರಿಚಿತ.

ಗ್ರಿಫಿತ್ಸ್ ಹೋದದ್ದು ಕೇರಳದ ವಾಗಮಣ್ ಬೆಟ್ಟಗಳಿಗೆ. ಬೆಲ್ಜಿಯಮ್ಮಿನ ಸಿಸ್ಟರ್ಸಿಯನ್ ಸನ್ಯಾಸಿ ಫ್ರಾನ್ಸಿಸ್ ಮಹಿಯೂ, ಮುಂದೆ ಫ್ರಾನ್ಸಿಸ್ ಆಚಾರ್ಯ, ಅವರೊಂದಿಗೆ ಅಲ್ಲಿ ಕುರಿಸುಮಲ ಆಶ್ರಮವನ್ನು ಸ್ಥಾಪಿಸಿದರು. ತಿರುವಲ್ಲದ ಸಿರೋ-ಮಲಂಕರ ಧರ್ಮಾಧ್ಯಕ್ಷರ ಆಹ್ವಾನದ ಮೇಲೆ ಆರಂಭವಾದುದರಿಂದ ಅಲ್ಲಿನ ದೈವಾರಾಧನೆ ಸಿರಿಯಾಕ್ ಸಂಪ್ರದಾಯದ್ದು. ಇಲ್ಲಿ ಕೆಂಗೇರಿಯ ಪಾಠ ಕೆಲಸಕ್ಕೆ ಬಂತು: ಕಾವಿ, ಬರಿಗಾಲು, ನೆಲದ ಮೇಲೆ ಊಟ, ಚಾಪೆ. ಜೀವನೋಪಾಯಕ್ಕೆ ಹೈನುಗಾರಿಕೆ. ಹತ್ತು ವರ್ಷ ಗ್ರಿಫಿತ್ಸ್ ಇಲ್ಲಿ ಎರಡನೆಯವರಾಗಿ ಬಾಳಿದರು. ಸಿರಿಯಾಕ್ ಕಲಿತು, ಆ ಸಂಪ್ರದಾಯದ ನಿತ್ಯಪ್ರಾರ್ಥನೆಗಳನ್ನು ಇಂಗ್ಲಿಷಿಗೆ ತಂದರು. ವಿದ್ವಾಂಸನಾಗಿ ಅವರ ಕೆಲಸದಲ್ಲಿ ಇದನ್ನು ಯಾರೂ ಹೆಚ್ಚು ಎಣಿಸುವುದಿಲ್ಲ. ಆದರೆ ಲ್ಯಾಟಿನ್ ಸಂಪ್ರದಾಯವೊಂದೇ ಕ್ರೈಸ್ತ ಪ್ರಾರ್ಥನೆಯಲ್ಲ ಎಂಬುದನ್ನು ಅವರು ವಾದದಿಂದ ಅಲ್ಲ, ಪದ ಪದವಾಗಿ ಅನುವಾದಿಸಿ ಕಲಿತದ್ದು ಇಲ್ಲೇ. ಕುರಿಸುಮಲ ಸಿಸ್ಟರ್ಸಿಯನ್ ಸಂಘಕ್ಕೆ ಸೇರಿದ್ದು 1998ರಲ್ಲಿ. ಮಠಾಧಿಪತಿಯ ಪಟ್ಟ ಫ್ರಾನ್ಸಿಸ್ ಆಚಾರ್ಯರಿಗೆ ದೊರೆತಾಗ ಅವರ ವಯಸ್ಸು ಎಂಬತ್ತೈದನ್ನು ದಾಟಿತ್ತು. ಇಬ್ಬರು ಸಹಸ್ಥಾಪಕರಲ್ಲಿ ಒಬ್ಬರಿಗೆ ಪಟ್ಟ ಹೀಗೆ ತಡವಾಗಿ ಬಂತು, ಇನ್ನೊಬ್ಬರಿಗೆ ಬರಲೇ ಇಲ್ಲ.

1968ರಲ್ಲಿ ಕುರಿಸುಮಲದ ಇಬ್ಬರು ಸನ್ಯಾಸಿಗಳೊಂದಿಗೆ ಗ್ರಿಫಿತ್ಸ್ ತಮಿಳುನಾಡಿನ ಕುಳಿತಲೈ ಬಳಿಯ ತಣ್ಣೀರ್‌ಪಳ್ಳಿಗೆ ಬಂದರು. ಕೊಡಗಿನಲ್ಲಿ ಹುಟ್ಟಿದ ಕಾವೇರಿ ಅಲ್ಲಿ ಅಗಲವಾಗಿ ಹರಿಯುತ್ತಾಳೆ. ಫ್ರಾನ್ಸಿನ ಗುರು ಜೂಲ್ ಮೊಂಶಾನ್ಯಾ ಮತ್ತು ಬೆನೆಡಿಕ್ಟೈನ್ ಸನ್ಯಾಸಿ ಆನ್ರಿ ಲ ಸೋ 1950ರಲ್ಲಿ ಸ್ಥಾಪಿಸಿದ ಸಚ್ಚಿದಾನಂದ ಆಶ್ರಮ, ಅಂದರೆ ಶಾಂತಿವನ, ಆಗ ಬರಿದಾಗಿತ್ತು. ಮೊಂಶಾನ್ಯಾ 1957ರಲ್ಲಿ ತೀರಿಕೊಂಡಿದ್ದರು. ಅಭಿಷಿಕ್ತಾನಂದರೆಂದು ಹೆಸರಾದ ಲ ಸೋ ಹಿಮಾಲಯದ ಏಕಾಂತವನ್ನು ಆರಿಸಿಕೊಂಡಿದ್ದರು. ಸ್ಥಾಪಕರಿಬ್ಬರ ಕಾಲದಲ್ಲಿ ಒಬ್ಬ ಭಾರತೀಯನೂ ಸ್ಥಿರವಾಗಿ ನಿಲ್ಲದಿದ್ದ ಆ ಜಾಗದಲ್ಲಿ ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಭಾರತೀಯ ಸನ್ಯಾಸಿಗಳ ಸಮುದಾಯವೊಂದು ರೂಪುಗೊಂಡಿತು.

ಅವರ ಅಧ್ಯಾಪನ ನಡೆದ ಸ್ಥಳ ಇದು. ತರಗತಿಯಿಲ್ಲ, ಪರೀಕ್ಷೆಯಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತಿನ ಪ್ರಾರ್ಥನೆ. ಕೀರ್ತನೆಗಳಿಗೂ ಪವಿತ್ರ ಗ್ರಂಥದ ವಾಚನಕ್ಕೂ ಮುನ್ನ ವೇದ, ಉಪನಿಷತ್ತು ಅಥವಾ ಬೇರೆ ಧರ್ಮಗಳ ಗ್ರಂಥದಿಂದ ಒಂದು ಭಾಗ, ಸಂಸ್ಕೃತ ಮತ್ತು ತಮಿಳು ಭಜನೆ. ಬಂದವರು ಯಾರೇ ಆಗಲಿ, ಯೂರೋಪಿನ ಅಲೆಮಾರಿ ಯುವಕನಾಗಲಿ ಪಕ್ಕದ ಹಳ್ಳಿಯವನಾಗಲಿ, ಅವರೊಡನೆ ಕೂತು ಮಾತನಾಡುವುದು. ನಿಯಮಾವಳಿಯ 53ನೆಯ ಅಧ್ಯಾಯ ಅತಿಥಿಯನ್ನು ಕ್ರಿಸ್ತನೆಂದು ಬರಮಾಡಿಕೊಳ್ಳಲು ಹೇಳುತ್ತದೆ. 61ನೆಯ ಅಧ್ಯಾಯ ಇನ್ನೂ ಮುಂದೆ ಹೋಗಿ, ಹೊರಗಿನಿಂದ ಬಂದ ಸನ್ಯಾಸಿ ಮಠದ ದೋಷವನ್ನು ವಿನಯದಿಂದ ತೋರಿಸಿದರೆ, ದೇವರು ಅವನನ್ನು ಅದಕ್ಕೆಂದೇ ಕಳುಹಿಸಿರಬಹುದೆಂದು ಮಠಾಧಿಪತಿ ವಿವೇಚಿಸಲಿ ಎನ್ನುತ್ತದೆ. ಶಾಂತಿವನದಲ್ಲಿ ಗ್ರಿಫಿತ್ಸ್ ಹಿರಿಯರಾಗಿ ನಡೆದುಕೊಂಡ ಬಗೆ ಈ ಎರಡು ಅಧ್ಯಾಯಗಳ ವ್ಯಾಖ್ಯಾನದಂತಿದೆ.

ಇದು ಸ್ವೇಚ್ಛೆಯ ಪ್ರಯೋಗವಾಗಿತ್ತೆಂಬ ಗ್ರಹಿಕೆ ಇಂದೂ ಕೆಲವರಲ್ಲಿದೆ, ಅದು ಸರಿಯಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು ಧರ್ಮಪ್ರಚಾರ ಕಾರ್ಯವನ್ನು ಕುರಿತ ತನ್ನ ಆದೇಶಪತ್ರದ 18ನೆಯ ಪರಿಚ್ಛೇದದಲ್ಲಿ, ಶುಭಸಂದೇಶ ತಲುಪುವ ಮುನ್ನವೇ ಪ್ರಾಚೀನ ಸಂಸ್ಕೃತಿಗಳಲ್ಲಿ ದೇವರು ಬಿತ್ತಿದ ತಪಸ್ಸು ಮತ್ತು ಧ್ಯಾನದ ಪರಂಪರೆಗಳನ್ನು ಕ್ರೈಸ್ತ ಸನ್ಯಾಸ ಜೀವನಕ್ಕೆ ಹೇಗೆ ಬರಮಾಡಿಕೊಳ್ಳಬಹುದೆಂದು ಯೋಚಿಸುವಂತೆ ಸನ್ಯಾಸ ಸಂಸ್ಥೆಗಳಿಗೆ ಹೇಳಿತ್ತು. 1969ರ ಏಪ್ರಿಲ್‌ನಲ್ಲಿ ಭಾರತದ ಬಲಿಪೂಜೆಗೆ ಹನ್ನೆರಡು ಹೊಂದಾಣಿಕೆಗಳನ್ನು ರೋಮ್ ಒಪ್ಪಿತು. ಆರತಿ, ಅಂಜಲಿ, ನೆಲದ ಮೇಲೆ ಕೂರುವುದು ಇವೆಲ್ಲ ಅದರಲ್ಲಿ ಸೇರಿದ್ದವು. ಅವುಗಳ ಅಧ್ಯಯನ ಮತ್ತು ತರಬೇತಿಯ ಕೇಂದ್ರವಾದದ್ದು ಡಿ. ಎಸ್. ಅಮಲೋರ್ಪವದಾಸರು ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರ. ಕೆಂಗೇರಿಯಲ್ಲಿ ಕೈಗೂಡದಿದ್ದುದು ಹತ್ತು ವರ್ಷಗಳಲ್ಲಿ ಅದೇ ನಗರದ ಇನ್ನೊಂದು ಮೂಲೆಯಲ್ಲಿ ಇಡೀ ಭಾರತದ ಧರ್ಮಸಭೆಯ ಪ್ರಶ್ನೆಯಾಯಿತು.

ಅವರ ಚಿಂತನೆಯ ತಿರುಳನ್ನು ಗುರುವಿದ್ಯಾರ್ಥಿಗಳು ಒಂದು ಪದದ ಮೂಲಕ ಹಿಡಿಯಬಹುದು: ಸಚ್ಚಿದಾನಂದ. ಸತ್, ಚಿತ್, ಆನಂದ ಎಂಬ ವೇದಾಂತದ ಪದಗಳನ್ನು ಪಿತ, ಸುತ, ಪವಿತ್ರಾತ್ಮರಿಗೆ ಹೊಂದಿಸಿ ಹಾಡಿದವರು ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಗ್ರಿಫಿತ್ಸ್ ಆ ದಾರಿಯಲ್ಲಿ ನಡೆದರೂ ಒಂದು ಎಚ್ಚರವನ್ನು ಬಿಡಲಿಲ್ಲ. ಶಂಕರರ ಪರಂಪರೆಯಲ್ಲಿ ಸಚ್ಚಿದಾನಂದವು ಒಂದೇ ಬ್ರಹ್ಮದ ಸ್ವರೂಪವನ್ನು ಸೂಚಿಸುತ್ತದೆ. ಪರಸ್ಪರ ಸಂಬಂಧದಲ್ಲಿರುವ ಮೂವರು ವ್ಯಕ್ತಿಗಳನ್ನಲ್ಲ. ಆದುದರಿಂದ ಈ ಪದವನ್ನು ಎತ್ತಿಕೊಂಡಾಕ್ಷಣ ತ್ರೈಯೇಕ ಸಿದ್ಧಾಂತ ಭಾರತೀಯವಾಗಿಬಿಡುವುದಿಲ್ಲ. ಗ್ರಿಫಿತ್ಸರ ಒತ್ತು ಪ್ರೀತಿಯ ಮೇಲಿತ್ತು. ದೇವರಲ್ಲಿನ ಐಕ್ಯ ವ್ಯಕ್ತಿಯನ್ನು ಕರಗಿಸಿ ಇಲ್ಲವಾಗಿಸುವ ಐಕ್ಯವಲ್ಲ. ಪಿತನೂ ಸುತನೂ ಒಂದಾಗಿದ್ದೂ ಒಬ್ಬರೇ ಅಲ್ಲದಿರುವಂತೆ, ಆತ್ಮವು ದೇವರಲ್ಲಿ ಒಂದಾದಾಗಲೂ ಪ್ರೀತಿಸಲು ಉಳಿಯುತ್ತದೆ. ಯೊವಾನ್ನರ ಶುಭಸಂದೇಶದ ಹದಿನೇಳನೆಯ ಅಧ್ಯಾಯದ ಪ್ರಾರ್ಥನೆಯನ್ನು ಅವರು ಅದ್ವೈತದ ಕ್ರೈಸ್ತ ರೂಪವೆಂದು ಓದಿದ್ದು ಈ ಅರ್ಥದಲ್ಲಿ. 1973ರ 'ವೇದಾಂತ ಅಂಡ್ ಕ್ರಿಶ್ಚಿಯನ್ ಫೇತ್' ಚಿಕ್ಕ ಪುಸ್ತಕ. ಆರಂಭಿಸುವವರಿಗೆ ನಾನು ಅದನ್ನೇ ಹೇಳುತ್ತೇನೆ. 1982ರ 'ದಿ ಮ್ಯಾರೇಜ್ ಆಫ್ ಈಸ್ಟ್ ಅಂಡ್ ವೆಸ್ಟ್' ಹೆಚ್ಚು ಪ್ರಸಿದ್ಧ, ಆದರೆ ಅದರಲ್ಲಿ 'ಪೂರ್ವ', 'ಪಶ್ಚಿಮ' ಎಂಬ ವಿಭಾಗಗಳು ತೀರಾ ನೇರವಾಗಿವೆ. ಗೀತೆಗೆ ಅವರು ಬರೆದ ಕ್ರೈಸ್ತ ವ್ಯಾಖ್ಯಾನ ಪ್ರಕಟವಾದದ್ದು 1987ರಲ್ಲಿ.

ಟೀಕೆ ಮೂರು ದಿಕ್ಕುಗಳಿಂದ ಬಂತು. ಹಿಂದೂ ಲೇಖಕರಲ್ಲಿ ಸೀತಾರಾಮ ಗೋಯಲ್ 1988ರಲ್ಲಿ ಪ್ರಕಟಿಸಿದ ಪುಸ್ತಕ ಕಥೋಲಿಕ ಆಶ್ರಮಗಳನ್ನು ಮತಾಂತರದ ಮರೆಯೆಂದು ಆಪಾದಿಸಿತು. ಕಾವಿ ತೊಡುವ ಹಕ್ಕು, ಶಿಲುಬೆಯ ಮೇಲೆ ಓಂಕಾರ ಇಡುವ ಹಕ್ಕು ಯಾರು ಕೊಟ್ಟರು ಎಂಬುದು ಪ್ರಶ್ನೆ. ಆಪಾದನೆ ಕಟುವಾದರೂ ಪ್ರಶ್ನೆ ನ್ಯಾಯವಾದುದು, ಪರರ ಪವಿತ್ರ ಚಿಹ್ನೆಯನ್ನು ಎತ್ತಿಕೊಳ್ಳುವವನು ಉತ್ತರ ಕೊಡಬೇಕು. ಎರಡನೆಯದು ಧರ್ಮಸಭೆಯ ಒಳಗಿನಿಂದ. ಕ್ರೈಸ್ತ ಧ್ಯಾನದ ಕೆಲವು ಅಂಶಗಳನ್ನು ಕುರಿತು 1989ರಲ್ಲಿ ರೋಮಿನ ವಿಶ್ವಾಸ ಸಿದ್ಧಾಂತದ ಸಂಸ್ಥೆ ಹೊರಡಿಸಿದ ಪತ್ರವು ಪೌರ್ವಾತ್ಯ ವಿಧಾನಗಳ ಬಗ್ಗೆ ಎಚ್ಚರ ಹೇಳಿದಾಗ, ಗ್ರಿಫಿತ್ಸ್ ಬಹಿರಂಗವಾಗಿ ಭಿನ್ನಾಭಿಪ್ರಾಯ ಬರೆದರು. ಆ ಪತ್ರ ಪೌರ್ವಾತ್ಯ ಧ್ಯಾನವನ್ನು ಸಾರಾಸಗಟಾಗಿ ತಳ್ಳಿಹಾಕಿಲ್ಲ, ಅದರ ಕೇಂದ್ರಪ್ರಶ್ನೆಗಳು ತೂಕವುಳ್ಳವು. ಆ ಪತ್ರವನ್ನೂ ಗ್ರಿಫಿತ್ಸರನ್ನೂ ಒಟ್ಟಿಗೆ ಓದದೆ ಒಂದು ಪಕ್ಷವನ್ನು ಹಿಡಿಯುವುದು ದೈವಶಾಸ್ತ್ರದ ವಿದ್ಯಾರ್ಥಿಗೆ ತಕ್ಕುದಲ್ಲ.

ಮೂರನೆಯ ಟೀಕೆ ನಮಗೆ ಹೆಚ್ಚು ಹತ್ತಿರದ್ದು. 1980ರ ದಶಕದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಅರವಿಂದ ನಿರ್ಮಲ್ ಮತ್ತು ಇತರರು ರೂಪಿಸಿದ ದಲಿತ ದೈವಶಾಸ್ತ್ರ ಕೇಳಿತು: ಭಾರತೀಯ ಕ್ರೈಸ್ತ ಚಿಂತನೆಯೆಂದರೆ ಸಂಸ್ಕೃತದ, ವೇದಾಂತದ, ಮೇಲ್ಜಾತಿಯ ಭಾರತ ಮಾತ್ರವೇ? ಧರ್ಮಸಭೆಯ ಬಹುಪಾಲು ಜನ ಆ ಭಾರತದ ಹೊರಗಿನವರು. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಜನರಲ್ಲಿ ನಮ್ಮ ವಿಶ್ವಾಸಿಗಳೂ ಇದ್ದಾರೆ. ಆಫ್ರಿಕಾದಿಂದ ಬಂದ ಪೂರ್ವಜರ ನೆನಪು, ಕಾಡಿನಂಚಿನ ಕೂಲಿ, ದಮಾಮಿಯ ಬಡಿತ ಅವರ ಸಂಸ್ಕೃತಿ. ಅವರಿಗೆ ಉಪನಿಷತ್ತಿನ ಪಠಣ ಲ್ಯಾಟಿನ್ ಕೀರ್ತನೆಯಷ್ಟೇ ದೂರದ್ದು. ಕನ್ನಡದಲ್ಲೇ ಕಾಯಕವನ್ನೂ ದಾಸೋಹವನ್ನೂ ಸಾರಿದ ಶರಣ ಪರಂಪರೆಯಿದೆ. ಕೈಕೆಲಸವನ್ನು ನಿಯಮಾವಳಿಯ 48ನೆಯ ಅಧ್ಯಾಯದಲ್ಲಿ ಕಡ್ಡಾಯ ಮಾಡಿದ ಬೆನೆಡಿಕ್ಟರಿಗೆ ಅದು ಸಂಸ್ಕೃತಕ್ಕಿಂತ ಹತ್ತಿರದ ನೆಂಟಸ್ತಿಕೆ. ಗ್ರಿಫಿತ್ಸರ ಭಾರತ ಬಹುಮಟ್ಟಿಗೆ ಸಂಸ್ಕೃತ ಗ್ರಂಥಗಳ ಮೂಲಕ ಕಂಡ ಭಾರತ. ಶಾಂತಿವನದ ಸುತ್ತಲಿನ ಬಡವರಿಗಾಗಿ ಅವರು ಕೆಲಸ ಮಾಡಲಿಲ್ಲವೆಂದು ಇದರ ಅರ್ಥವಲ್ಲ. ಆಶ್ರಮ ಅಲ್ಲಿನ ಹಳ್ಳಿಗರ ಮನೆ, ಓದು, ಉದ್ಯೋಗಕ್ಕೆ ನೆರವಾಯಿತು. ಆದರೆ ನೆರವಾಗುವುದು ಬೇರೆ, ಅವರ ಹಾಡಿನಲ್ಲಿ ಪ್ರಾರ್ಥಿಸುವುದು ಬೇರೆ. ಕೆಂಗೇರಿಯಲ್ಲಿ ಮೇಜು ಕುರ್ಚಿಗಳನ್ನು ಕುರಿತು ಅವರು ಕೇಳಿಕೊಂಡ ಪ್ರಶ್ನೆಯನ್ನು ಪಠಣದ ಭಾಷೆಯನ್ನು ಕುರಿತೂ ಅಷ್ಟೇ ಕಠಿಣವಾಗಿ ಕೇಳಿಕೊಳ್ಳಬೇಕಾಗಿತ್ತು ಎಂಬುದು ನನ್ನ ಅಭಿಪ್ರಾಯ. ಮೂರನೆಯ ಅಧ್ಯಾಯದಲ್ಲಿ ಬೆನೆಡಿಕ್ಟರು ಮಠಾಧಿಪತಿಗೆ, ಮುಖ್ಯ ವಿಷಯಗಳಲ್ಲಿ ಎಲ್ಲರನ್ನೂ ಕರೆದು ಕೇಳು, ಅನೇಕ ಸಲ ದೇವರು ಉತ್ತಮವಾದುದನ್ನು ಕಿರಿಯವನಿಗೆ ತಿಳಿಸುತ್ತಾನೆ ಎನ್ನುತ್ತಾರೆ. ನಮ್ಮ ಸೀಮೆಯ ಧರ್ಮಕೇಂದ್ರಗಳಲ್ಲಿ ಆ ಕಿರಿಯವನು ಯಾರೆಂದು ಹೇಳಲು ಹೆಚ್ಚು ಯೋಚಿಸಬೇಕಾಗಿಲ್ಲ.

ಸ್ಥಿರತೆಯ ಪ್ರಶ್ನೆಯ ಇನ್ನೊಂದು ತುದಿ ಉಳಿದಿದೆ. 1955ರಿಂದ ಗ್ರಿಫಿತ್ಸ್ ಯಾವ ಬೆನೆಡಿಕ್ಟೈನ್ ಮಠದ ಆಶ್ರಯವೂ ಇಲ್ಲದೆ ಬೆನೆಡಿಕ್ಟೈನನಾಗಿ ಬಾಳುತ್ತ ಬಂದಿದ್ದರು. ಅವರ ವ್ಯಕ್ತಿತ್ವದ ಸುತ್ತ ಬೆಳೆದ ಆಶ್ರಮ ಅವರ ನಂತರ ಏನಾಗಬೇಕು? ಹೊಸ ಸಂಘವನ್ನು ಕಟ್ಟುವ ಆಮಿಷ ಇಂಥ ಗುರುಗಳಿಗೆ ಇರುತ್ತದೆ, ಭಕ್ತರೂ ಒತ್ತಾಯಿಸುತ್ತಾರೆ. ಗ್ರಿಫಿತ್ಸ್ ಹಾಗೆ ಮಾಡಲಿಲ್ಲ. 1980ರ ದಶಕದ ಆರಂಭದಲ್ಲಿ, ಎಪ್ಪತ್ತು ದಾಟಿದ ಮೇಲೆ, ಅವರು ಸಂತ ರೊಮುವಾಲ್ಡರ ಪರಂಪರೆಯ ಕಮಲ್ದೊಲಿ ಬೆನೆಡಿಕ್ಟೈನರನ್ನು ಸೇರಿ, ಶಾಂತಿವನವನ್ನು ಆ ಸಂಘದೊಳಗೆ ತಂದರು. ಹನ್ನೊಂದನೆಯ ಶತಮಾನದಿಂದ ಏಕಾಂತವಾಸಿಯ ಗುಡಿಸಲನ್ನೂ ಸಮುದಾಯದ ಮಠವನ್ನೂ ಒಂದೇ ಬೇಲಿಯೊಳಗೆ ಇಟ್ಟುಕೊಂಡು ಬಂದ ಸಂಘ ಅದು. ಆಶ್ರಮದ ಬದುಕಿಗೆ ಅದಕ್ಕಿಂತ ಹೊಂದುವ ಬೆನೆಡಿಕ್ಟೈನ್ ಮನೆ ಬೇರೊಂದಿರಲಿಲ್ಲ. ಹೀಗೆ ಅವರು ಹೊರಟಲ್ಲಿಗೇ, ಬೇರೆ ಬಾಗಿಲಿನಿಂದ, ಮರಳಿ ಬಂದರು.

1990ರ ಜನವರಿಯಲ್ಲಿ ಅವರಿಗೆ ಪಾರ್ಶ್ವವಾಯು ತಗುಲಿತು. ಚೇತರಿಸಿಕೊಂಡ ಮೇಲೆ, ಅರುವತ್ತು ವರ್ಷಗಳ ಓದಿಗಿಂತ ಆ ಕೆಲವು ದಿನಗಳು ತಮಗೆ ಹೆಚ್ಚು ಕಲಿಸಿದವೆಂಬಂತೆ, ಬುದ್ಧಿಯಿಂದ ಹೃದಯಕ್ಕೆ ಇಳಿದ ಅನುಭವವನ್ನು ಕುರಿತು ಮಾತನಾಡುತ್ತಿದ್ದರು. ನಂತರವೂ ಪ್ರವಾಸ ನಿಲ್ಲಲಿಲ್ಲ. 1992ರಲ್ಲಿ ಆಸ್ಟ್ರೇಲಿಯಾದಲ್ಲಿ ದಲಾಯಿ ಲಾಮಾ ಅವರನ್ನು ಭೇಟಿಯಾದರು. ಮತ್ತೆ ಮತ್ತೆ ಪಾರ್ಶ್ವವಾಯು ಬಡಿದು ಕೊನೆಯ ತಿಂಗಳುಗಳು ಕಠಿಣವಾಗಿದ್ದವು. ಶಿಷ್ಯರು ಸರದಿಯಲ್ಲಿ ಶುಶ್ರೂಷೆ ಮಾಡಿದರು. 1993ರ ಮೇ 13ರಂದು, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಶಾಂತಿವನದ ತಮ್ಮ ಗುಡಿಸಲಿನಲ್ಲೇ ತೀರಿಕೊಂಡರು.